ದಾಮಕೀರ್ತಿಯ ತಾಯಿ: ಹಲಸಿಯ ತಾಮ್ರಪಟಗಳಲ್ಲಿ ಒಂದು ಮನೆತನದ ಚರಿತ್ರೆ

ಬೆಳಗಾವಿಯಿಂದ ನೈಋತ್ಯಕ್ಕೆ ಹೊರಟ ದಾರಿ ಜಾಂಬೋಟಿಯನ್ನು ಹಾದು ಕಣಕುಂಬಿಯತ್ತ ಸಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಜಾಂಬೋಟಿಯ ಸೀಮೆಯ ಕಾಡು ಗುಡ್ಡಗಳ ನಡುವೆ ಹರಿದು ಖಾನಾಪುರವನ್ನು ಮುಟ್ಟಿ, ಸುಮಾರು 304 ಕಿಲೋಮೀಟರ್ ದೂರ ಕ್ರಮಿಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ತಮ್ಮ ಹಿರಿಯರನ್ನು ಹುಡುಕಹೊರಟವರಿಗೆ ಸಿಗುವ ಆಧಾರಗಳು ಸಾಮಾನ್ಯವಾಗಿ ಕೆಲವೇ: ಕುಲಕರ್ಣಿಯ ದಫ್ತರದಲ್ಲಿ ಉಳಿದ ಮೋಡಿ ಲಿಪಿಯ ಕಾಗದಗಳು, ಇನಾಮು ವತನಗಳ ಸನದುಗಳು, ಸುಗ್ಗಿಯ ನಂತರ ಮನೆ ಬಾಗಿಲಿಗೆ ಬಂದು ವಂಶಾವಳಿ ಹೇಳುವ ಹೆಳವರ ನೆನಪು. ಇವುಗಳ ಸಹಾಯದಿಂದ ಆರೇಳು ತಲೆಮಾರು ಹಿಂದಕ್ಕೆ ಹೋಗುವುದೇ ದೊಡ್ಡ ಸಾಧನೆ. ಆದರೆ ಇದೇ ಖಾನಾಪುರ ತಾಲೂಕಿನಲ್ಲಿ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಬಾಳಿದ ಒಂದು ಜೈನ ಮನೆತನದ ಮೂರು ತಲೆಮಾರುಗಳ ದಾಖಲೆ ಉಳಿದುಬಂದಿದೆ. ಖಾನಾಪುರದ ಆಗ್ನೇಯಕ್ಕಿರುವ ಹಲಸಿಯ ಕದಂಬ ತಾಮ್ರಪಟಗಳೇ ಆ ದಾಖಲೆ.

ಈ ಶಾಸನಗಳನ್ನು ರಾಜವಂಶದ ಚರಿತ್ರೆಗಾಗಿ ವಿದ್ವಾಂಸರು ಬಹಳ ಬಳಸಿದ್ದಾರೆ. ಕಾಕುಸ್ಥವರ್ಮ, ಶಾಂತಿವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಎಂಬ ಅನುಕ್ರಮವನ್ನು ಖಚಿತಪಡಿಸಲು ಇವು ಮುಖ್ಯ ಆಕರಗಳು. ಜೈನ ಸಂಘಗಳ ಇತಿಹಾಸಕ್ಕೂ ಇವು ಬೇಕೇ ಬೇಕು. ಆದರೆ ಅರಸರ ಹೆಸರುಗಳನ್ನು ಕ್ಷಣಕಾಲ ಬದಿಗಿಟ್ಟು ಓದಿದರೆ, ಅದೇ ಸಾಲುಗಳಲ್ಲಿ ಒಂದು ಗೃಹಸ್ಥ ಕುಟುಂಬದ ಸಾವು, ಉತ್ತರಾಧಿಕಾರ ಮತ್ತು ಋಣಸಂದಾಯಗಳ ಕಥೆ ಕಾಣಿಸುತ್ತದೆ. ಆ ಕಥೆಯ ನಡುವೆ ಒಬ್ಬ ಹೆಣ್ಣುಮಗಳಿದ್ದಾಳೆ. ಮನೆಯ ಆಸ್ತಿ ಆಕೆಯ ಕೈಗೆ ಬಂದಿತ್ತು. ಆದರೂ ಯಾವ ತಾಮ್ರಪಟದಲ್ಲಿಯೂ ಆಕೆಯ ಹೆಸರಿಲ್ಲ.

ಶಾಸನಗಳು ದೊರೆತ ಬಗೆ

ಹಲಸಿಯ ಪ್ರಾಚೀನ ಹೆಸರು ಪಲಾಶಿಕಾ. ಪಲಾಶ, ಅಂದರೆ ಮುತ್ತುಗದ ಮರದ ನೆನಪನ್ನು ಹೊತ್ತಂತಿರುವ ಈ ಹೆಸರು ಮುಂದೆ ಪಲಸಿಗೆಯಾಗಿ, ಕನ್ನಡದ ಪಕಾರ ಹಕಾರವಾಗುವ ನಿಯಮದಂತೆ ಹಲಸಿಗೆಯಾಗಿ, ಕೊನೆಗೆ ಹಲಸಿಯಾಯಿತು. ವೈಜಯಂತಿ, ಅಂದರೆ ಬನವಾಸಿ, ಕದಂಬರ ರಾಜಧಾನಿಯಾಗಿದ್ದರೆ ಪಲಾಶಿಕಾ ಅವರ ಉತ್ತರ ಭಾಗದ ಪ್ರಮುಖ ನಗರವಾಗಿತ್ತು. ಊರ ಹೊರಗೆ ಚಕ್ರತೀರ್ಥವೆಂಬ ಬಾವಿಯ ಬಳಿಯ ದಿಣ್ಣೆಯೊಂದರಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ತಾಮ್ರಪಟಗಳು ದೊರೆತವು. ಜೆ. ಎಫ್. ಫ್ಲೀಟ್ ಅವರು 1877ರಲ್ಲಿ ಇಂಡಿಯನ್ ಆಂಟಿಕ್ವರಿಯ ಆರನೆಯ ಸಂಪುಟದಲ್ಲಿ ಅವುಗಳ ಪಾಠವನ್ನೂ ಅನುವಾದವನ್ನೂ ಪ್ರಕಟಿಸಿದರು. ಜಾರ್ಜ್ ಮೊರೇಸ್ ಅವರು 1931ರ ತಮ್ಮ ಕದಂಬಕುಲ ಗ್ರಂಥದಲ್ಲಿ ಇವುಗಳನ್ನು ವಿಸ್ತಾರವಾಗಿ ಬಳಸಿಕೊಂಡರು. ಮುಂದೆ ಬಾ. ರಾ. ಗೋಪಾಲ ಅವರು ಕದಂಬ ಶಾಸನಗಳ ಸಂಪುಟವನ್ನು ಸಿದ್ಧಪಡಿಸಿದಾಗ ಇವು ಮತ್ತೊಮ್ಮೆ ಪರಿಷ್ಕೃತವಾಗಿ ಒಂದೆಡೆ ಬಂದವು.

ಒಟ್ಟು ಏಳು ಶಾಸನಗಳು. ಎಲ್ಲವೂ ಸಂಸ್ಕೃತ ಭಾಷೆಯವು, ಎಲ್ಲವೂ ಜಿನಾಲಯಕ್ಕೆ ಅಥವಾ ಜೈನ ಭಕ್ತರಿಗೆ ಸಂಬಂಧಿಸಿದ ದತ್ತಿಗಳು. ಇವುಗಳಲ್ಲಿ ನಾಲ್ಕರಲ್ಲಿ ಒಂದೇ ಮನೆತನದ ಜನ ಬರುತ್ತಾರೆ. ಉಳಿದವುಗಳಲ್ಲಿ ಭಾನುವರ್ಮನ ಕಾಲದ ಪಂಡರ ಭೋಜಕನ ದಾನ, ಹರಿವರ್ಮನು ಕೂರ್ಚಕ ಸಂಘಕ್ಕೆ ಕೊಟ್ಟ ಗ್ರಾಮ, ಸೇಂದ್ರಕ ಭಾನುಶಕ್ತಿಯ ಬಿನ್ನಹದ ಮೇರೆಗೆ ಬಿಟ್ಟ ಮರದೆ ಗ್ರಾಮ ಮುಂತಾದ ಬೇರೆ ವಿಷಯಗಳಿವೆ. ಬೇರೆ ಬೇರೆ ದಾನಿಗಳ ಪಟಗಳು ಒಂದೇ ಕಡೆ ದೊರೆತುದರಿಂದ, ಇದು ಒಂದು ಮನೆಯ ಪೆಟ್ಟಿಗೆಯಾಗಿರದೆ ಪಲಾಶಿಕೆಯ ಜಿನಾಲಯದ ಭಂಡಾರವಾಗಿದ್ದಿರಬೇಕು ಎಂದು ಊಹಿಸುವುದು ಯುಕ್ತ. ಮನೆತನದ ಆಸ್ತಿ ಜಿನಧರ್ಮಕ್ಕೆ ಸಂದುದರಿಂದಲೇ ಅದರ ಪತ್ರಗಳೂ ಬಸದಿಯ ಆಶ್ರಯ ಪಡೆದು ಉಳಿದವು ಎನ್ನಬಹುದು. ಕುಟುಂಬದ ನೆನಪು ಕುಟುಂಬದಲ್ಲೇ ಉಳಿದಿದ್ದರೆ ಬಹುಶಃ ಇಂದು ಏನೂ ದೊರೆಯುತ್ತಿರಲಿಲ್ಲ.

ಮೊದಲ ಹೆಸರು: ಶ್ರುತಕೀರ್ತಿ ಸೇನಾಪತಿ

ಏಳರಲ್ಲಿ ಅತ್ಯಂತ ಹಳೆಯದು ಕಾಕುಸ್ಥವರ್ಮನ ತಾಮ್ರಪಟ. ಆಗ ಆತ ಇನ್ನೂ ಯುವರಾಜ. ಎಂಬತ್ತನೆಯ ವಿಜಯ ಸಂವತ್ಸರದಲ್ಲಿ ಪಲಾಶಿಕೆಯಲ್ಲಿದ್ದುಕೊಂಡು, ಅರ್ಹಂತರಿಗೆ ಸೇರಿದ ಖೇಟ ಗ್ರಾಮದ ಬದೋವರ ಎಂಬ ಕ್ಷೇತ್ರವನ್ನು ಸೇನಾಪತಿ ಶ್ರುತಕೀರ್ತಿಗೆ ಕೊಟ್ಟನೆಂದು ಅದು ಹೇಳುತ್ತದೆ. ಈ ಎಂಬತ್ತನ್ನು ಮಯೂರಶರ್ಮನ ರಾಜ್ಯಸ್ಥಾಪನೆಯಿಂದ ಎಣಿಸಬೇಕೋ ಬೇರೆ ಶಕೆಯಿಂದಲೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಐದನೆಯ ಶತಮಾನದ ಮೊದಲ ಭಾಗದ ಆಸುಪಾಸಿಗೆ ಇದನ್ನು ಇಡುವುದು ವಾಡಿಕೆ.

ದಾನದ ಉದ್ದೇಶವನ್ನು ಹೇಳುವ ಪದ ‘ತಾರಣಾರ್ಥ’. ತನ್ನ ತಾರಣಕ್ಕಾಗಿ ಯುವರಾಜನು ಭೂಮಿಯನ್ನು ಕೊಟ್ಟನು. ಫ್ಲೀಟ್ ಅವರು ಇದನ್ನು ಪ್ರಾಣರಕ್ಷಣೆಯ ಅರ್ಥದಲ್ಲಿ ತೆಗೆದುಕೊಂಡು, ಸೇನಾಪತಿಯು ಯುವರಾಜನನ್ನು ಅಪಾಯದಿಂದ ಪಾರುಮಾಡಿದ್ದಕ್ಕೆ ಇದು ಬಹುಮಾನವೆಂದು ತಿಳಿದರು. ಸಂಸಾರಸಾಗರವನ್ನು ದಾಟುವುದಕ್ಕಾಗಿ, ಅಂದರೆ ಪುಣ್ಯಾರ್ಥವಾಗಿ ಕೊಟ್ಟನೆಂಬುದು ಇನ್ನೊಂದು ಅರ್ಥ. ಅದೇ ವಾಕ್ಯದಲ್ಲಿ ಅರ್ಹಂತರನ್ನು ಮೂರು ಲೋಕಗಳನ್ನು ದಾಟಿಸುವವರೆಂದು ವಿಶೇಷಿಸಿರುವುದರಿಂದ ಎರಡನೆಯ ಅರ್ಥಕ್ಕೆ ಬಲ ಹೆಚ್ಚು. ಒಂದು ಪದದ ಅರ್ಥ ಬದಲಾದರೆ ಶ್ರುತಕೀರ್ತಿಯ ಜೀವನಚರಿತ್ರೆಯೂ ಬದಲಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮೊದಲ ಅರ್ಥದಲ್ಲಿ ಅವನು ರಣರಂಗದ ವೀರ. ಎರಡನೆಯದರಲ್ಲಿ ಯುವರಾಜನ ಧರ್ಮಕಾರ್ಯಕ್ಕೆ ಪಾತ್ರನಾದ ನಂಬಿಕೆಯ ಅಧಿಕಾರಿ.

ಖೇಟ ಎಂಬುದು ಊರಿನ ಹೆಸರಾಗಿರುವಂತೆ ನೆಲೆಯ ಬಗೆಯನ್ನು ಹೇಳುವ ಶಬ್ದವೂ ಹೌದು. ಗ್ರಾಮ, ನಗರ, ಖೇಟ, ಕರ್ವಟ, ಮಡಂಬ, ಪತ್ತನ, ದ್ರೋಣಮುಖ ಎಂಬ ವಿಭಾಗ ಜೈನ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ತಿಲೋಯಪಣ್ಣತ್ತಿಯ ಪರಂಪರೆಯಲ್ಲಿ ಬೆಟ್ಟ ಮತ್ತು ನದಿಗಳಿಂದ ಸುತ್ತುವರಿದ ನೆಲೆಯೇ ಖೇಟ. ಜಾಂಬೋಟಿಯಿಂದ ಹಲಸಿಯವರೆಗಿನ ಮಲೆಯಂಚಿನ ನೆಲವನ್ನು ಕಂಡವರಿಗೆ ಈ ಲಕ್ಷಣ ಅಪರಿಚಿತವೆನಿಸದು. ಶ್ರುತಕೀರ್ತಿಯ ಮನೆತನ ಅರಮನೆಯ ಸೇವೆಯಲ್ಲಿದ್ದರೂ ಅದರ ಬೇರು ಇಂಥದೊಂದು ಹಳ್ಳಿಯ ಹೊಲದಲ್ಲಿತ್ತು.

ದಾಮಕೀರ್ತಿ ಕಾಣಿಸಿಕೊಳ್ಳುವ ಏಕಮಾತ್ರ ದಿನ

ಎರಡನೆಯ ಶಾಸನ ಮೃಗೇಶವರ್ಮನ ಎಂಟನೆಯ ರಾಜ್ಯವರ್ಷದ್ದು. ವೈಜಯಂತಿಯಲ್ಲಿದ್ದ ಅರಸನು ತನ್ನ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕಾ ನಗರದಲ್ಲಿ ಜಿನಾಲಯವನ್ನು ಕಟ್ಟಿಸಿ, ಮಾತೃಸರಿತ್ತಿನಿಂದ ಇಂಗಿಣಿ ಸಂಗಮದವರೆಗೆ 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಸಂಘಗಳಿಗೆ ಕೊಟ್ಟನು. ಮೂರು ಸಂಘಗಳೂ ಒಂದೇ ದಾನದಲ್ಲಿ ಪಾಲುಗೊಂಡಿರುವುದು ಜೈನ ಚರಿತ್ರೆಯ ವಿದ್ಯಾರ್ಥಿಗಳಿಗೆ ಮಹತ್ವದ ವಿಷಯ. ಕುಟುಂಬದ ಚರಿತ್ರೆಗೆ ಮುಖ್ಯವಾದದ್ದು ಶಾಸನದ ಕೊನೆಯ ಭಾಗ. ಈ ದಾನದ ಕಾರ್ಯಭಾರ ಹೊತ್ತವರಲ್ಲಿ ಭೋಜಕ ದಾಮಕೀರ್ತಿ ಮತ್ತು ಆಯುಕ್ತಕ ಜಿಯಂತ ಎಂಬ ಇಬ್ಬರು ಅಧಿಕಾರಿಗಳು ಅಲ್ಲಿ ಹೆಸರಿಸಲ್ಪಟ್ಟಿದ್ದಾರೆ.

ದಾಮಕೀರ್ತಿ ಅಧಿಕಾರದಲ್ಲಿದ್ದು ಕೆಲಸ ಮಾಡುತ್ತಿರುವ ಒಂದೇ ಒಂದು ಸಂದರ್ಭ ಇದು. ಭೋಜಕ ಎಂಬ ಪದಕ್ಕೆ ಅರ್ಚಕವರ್ಗದವನೆಂದೂ, ಭೂಮಿಯ ಭೋಗವನ್ನು ಅನುಭವಿಸುವ ಅಧಿಕಾರಿಯೆಂದೂ ವಿದ್ವಾಂಸರು ಅರ್ಥ ಮಾಡಿದ್ದಾರೆ. ಮುಂದಿನ ಶಾಸನವು ಶ್ರುತಕೀರ್ತಿಯನ್ನು ಭೋಜನೆಂದು ಕರೆದು, ಅವನು ಖೇಟವನ್ನು ಅನುಭವಿಸಿದನೆಂದು ಅದೇ ಧಾತುವಿನ ಕ್ರಿಯಾಪದದಿಂದ ಹೇಳುವುದನ್ನು ನೋಡಿದರೆ ಎರಡನೆಯ ಅರ್ಥವೇ ಈ ಮನೆತನಕ್ಕೆ ಹೊಂದುತ್ತದೆ.

ಮೊಮ್ಮಗನ ಹುಡುಕಾಟ

ಮೂರನೆಯ ಶಾಸನ ರವಿವರ್ಮನ ಕಾಲದ್ದು. ಇದರ ದಾನಿ ದಾಮಕೀರ್ತಿಯ ಹಿರಿಯ ಮಗ ಜಯಕೀರ್ತಿ, ಅರಸನ ಪ್ರತೀಹಾರ. ಪೂರ್ವಜರನ್ನು ಅರಸುವ ಕೆಲಸವನ್ನು ಇಲ್ಲಿ ಸ್ವತಃ ಮೊಮ್ಮಗನೇ ಮಾಡಿದ್ದಾನೆ. ತಾನು ಕೊಡಲಿರುವ ಊರು ತನ್ನ ಮನೆಗೆ ಬಂದ ಬಗೆಯನ್ನು ಅವನು ಶ್ಲೋಕಗಳಲ್ಲಿ ಕ್ರಮವಾಗಿ ಹೇಳಿಸಿದ್ದಾನೆ. ಕಾಕುಸ್ಥವರ್ಮನ ಮಹಾಪ್ರಸಾದದಿಂದ ಶ್ರುತಕೀರ್ತಿ ಖೇಟ ಗ್ರಾಮವನ್ನು ಅನುಭವಿಸಿದನು. ಅವನು ಸ್ವರ್ಗಸ್ಥನಾದ ಮೇಲೆ ಶಾಂತಿವರ್ಮನು ಅದನ್ನು ಧರ್ಮಾರ್ಥವಾಗಿ ದಾಮಕೀರ್ತಿಯ ತಾಯಿಗೆ ಕೊಟ್ಟನು. ತಂದೆಯು ಅನುಮತಿಸಿದ ಆ ದಾನವನ್ನೇ ಮೃಗೇಶನು ಮತ್ತೆ ಕೊಟ್ಟನು. ಈಗ ಜಯಕೀರ್ತಿಯು ರವಿನೃಪನ ಪ್ರಸಾದದಿಂದ, ತನ್ನ ತಂದೆಯ ತಾಯಿಗೆ ಪುಣ್ಯಾರ್ಥವಾಗಿ ಪುರುಖೇಟಕವನ್ನು ಬಿಟ್ಟುಕೊಟ್ಟನು.

ನಾಲ್ವರು ಅರಸರು, ಮನೆತನದ ಮೂರು ತಲೆಮಾರು, ಒಂದು ಊರು. ಹಕ್ಕುಪತ್ರದ ದೃಷ್ಟಿಯಿಂದ ನೋಡಿದರೆ ಇದು ಪ್ರತಿ ಅರಸನ ಕಾಲದಲ್ಲಿಯೂ ಅನುಭೋಗವನ್ನು ಹೊಸದಾಗಿ ಊರ್ಜಿತಗೊಳಿಸಿಕೊಂಡ ಕ್ರಮದ ಸ್ಪಷ್ಟ ದಾಖಲೆ. ಸೇನಾಪತಿಯ ಮನೆ ಭೋಜಕನ ಮನೆಯಾಗಿ, ಭೋಜಕನ ಮಗ ಪ್ರತೀಹಾರನಾದುದನ್ನೂ ಇದು ತಿಳಿಸುತ್ತದೆ.

ಇಲ್ಲಿ ಮೂಲಪತ್ರ ಮತ್ತು ಮನೆಯ ನೆನಪುಗಳ ನಡುವೆ ಒಂದು ಅಂತರವಿದೆ. ಮೊದಲ ತಾಮ್ರಪಟದಲ್ಲಿ ಕೊಟ್ಟದ್ದು ಖೇಟ ಗ್ರಾಮದ ಒಂದು ಕ್ಷೇತ್ರ. ಮೊಮ್ಮಗನ ಶಾಸನದಲ್ಲಿ ಅದು ಗ್ರಾಮವೇ ಆಗಿದೆ. ಮೊದಲನೆಯದರಲ್ಲಿ ದಾನಿ ಯುವರಾಜ. ಮೊಮ್ಮಗನ ನೆನಪಿನಲ್ಲಿ ಅವನು ನೃಪ. ನಡುವೆ ಹೊಸ ದಾನಗಳು ನಡೆದು ಹೊಲ ಊರಾಗಿ ಬೆಳೆದಿರುವುದು ಸಾಧ್ಯ. ಹಿರಿಯರ ಪಾಲು ವಂಶಜರ ಮಾತಿನಲ್ಲಿ ಹಿರಿದಾಗುತ್ತ ಹೋಗುವುದೂ ಅಷ್ಟೇ ಸಾಧ್ಯ. ವಂಶಾವಳಿಗಳನ್ನು ಬಳಸುವ ಸಂಶೋಧಕರು ಇದನ್ನು ಎಚ್ಚರಿಕೆಯ ಪಾಠವೆಂದು ತಿಳಿಯಬೇಕು. ಮೂಲಪತ್ರವೂ ಮೊಮ್ಮಗನ ಹೇಳಿಕೆಯೂ ಒಂದೇ ದಿಣ್ಣೆಯಲ್ಲಿ ದೊರೆತು, ಅಕ್ಕಪಕ್ಕ ಇಟ್ಟು ತಾಳೆ ನೋಡುವ ಅವಕಾಶ ಇಷ್ಟು ಪ್ರಾಚೀನ ಕಾಲಕ್ಕೆ ಅಪರೂಪವಾದುದು.

ದಾಖಲೆಯ ಆಯುಸ್ಸು

ನಾಲ್ಕನೆಯ ಶಾಸನವೂ ರವಿವರ್ಮನದೇ. ವಿಷ್ಣುವರ್ಮನೇ ಮೊದಲಾದ ಅರಸರನ್ನು ಕೊಂದು, ಕಂಚಿಯ ಚಂಡದಂಡನನ್ನು ಕಿತ್ತೊಗೆದು ಪಲಾಶಿಕೆಯಲ್ಲಿ ನೆಲೆನಿಂತ ಅರಸನು ಜಿನೇಂದ್ರನಿಗೆ ನಾಲ್ಕು ನಿವರ್ತನ ಭೂಮಿಯನ್ನು ಕೊಟ್ಟ ವಿಷಯ ಅದರಲ್ಲಿದೆ. ಈ ದಾನಕ್ಕೆ ನಿಮಿತ್ತನಾದವನು ದಾಮಕೀರ್ತಿಯ ತಮ್ಮ ಶ್ರೀಕೀರ್ತಿ. ತಾಯಿಯ ಪಾದಪ್ರಸಾದವನ್ನು ಪಡೆದು, ಪುಣ್ಯವೃದ್ಧಿಗಾಗಿ ಅವನು ಇದನ್ನು ಮಾಡಿಸಿದನೆಂದು ಶಾಸನ ಹೇಳುತ್ತದೆ. ಧರ್ಮವೇ ಮೂರ್ತಿವೆತ್ತಂತಿದ್ದವನೆಂದು ದಾಮಕೀರ್ತಿಯನ್ನು ಅಲ್ಲಿಯೇ ಹೊಗಳಲಾಗಿದೆ.

ಈ ನಾಲ್ಕು ಪಟಗಳನ್ನು ಸೇರಿಸಿದರೆ ದಾಮಕೀರ್ತಿಯ ಬಾಳಿನ ರೇಖೆ ಕಾಣುತ್ತದೆ. ಶಾಂತಿವರ್ಮನ ಕಾಲದಲ್ಲಿ ಮನೆಯ ಹಿರಿಯ ತೀರಿಕೊಂಡಾಗ ಊರು ಅವನಿಗೆ ಬಾರದೆ ಅವನ ತಾಯಿಗೆ ಸಂದಿತು. ಆಗ ಅವನು ಇನ್ನೂ ಬಾಲಕನಾಗಿದ್ದನೆಂದು ಊಹಿಸಲು ಇದು ಎಡೆಗೊಡುತ್ತದೆ. ಮೃಗೇಶನ ಎಂಟನೆಯ ವರ್ಷ ಅವನು ಭೋಜಕನಾಗಿ ಜಿನಾಲಯದ ದತ್ತಿಯ ಹೊಣೆ ಹೊತ್ತಿದ್ದಾನೆ. ರವಿವರ್ಮನ ಕಾಲಕ್ಕೆ ಬಂದರೆ ಮಗನು ದಾನ ಕೊಡುತ್ತಾನೆ, ತಮ್ಮನು ದಾನ ಮಾಡಿಸುತ್ತಾನೆ. ದಾಮಕೀರ್ತಿ ಹೊಗಳಿಕೆಯ ಮಾತಿನಲ್ಲಿ ಮಾತ್ರ ಉಳಿದಿದ್ದಾನೆ. ಅವನ ತಾಯಿಯಾದರೋ ಮೊದಲಿಗೂ ಇದ್ದಾಳೆ, ಕೊನೆಗೂ ಇದ್ದಾಳೆ.

ಇದರಿಂದ ದಾಮಕೀರ್ತಿ ಅಲ್ಪಾಯುವೆಂದೂ, ತಾಯಿ ಮಗನನ್ನು ಕಳೆದುಕೊಂಡು ಬಹುಕಾಲ ಬದುಕಿದಳೆಂದೂ ಕಥೆ ಕಟ್ಟಲು ಮನಸ್ಸು ಹರಿಯುತ್ತದೆ. ಆದರೆ ಬದುಕಿರುವವರ ಪುಣ್ಯಕ್ಕಾಗಿ ದಾನ ಮಾಡುವ ಪದ್ಧತಿಯೂ ಇತ್ತು. ಅಲ್ಲದೆ ನಾಲ್ಕನೆಯ ಶಾಸನದ ಆ ವಾಕ್ಯವನ್ನು, ತಾಯಿಯ ಪ್ರಸಾದದಂತೆ ದಾಮಕೀರ್ತಿಯ ಪ್ರಸಾದವನ್ನೂ ತಮ್ಮನು ಪಡೆದನೆಂದು ಅನ್ವಯಿಸಲು ವ್ಯಾಕರಣದ ಅಡ್ಡಿಯಿಲ್ಲ. ಆದ್ದರಿಂದ ಚಿಕ್ಕದೆಂದು ನಿಶ್ಚಯವಾಗಿ ಹೇಳಬಹುದಾದದ್ದು ದಾಮಕೀರ್ತಿಯ ದಾಖಲೆಯ ಆಯುಸ್ಸು. ಬದುಕಿನ ಆಯುಸ್ಸು ಬೇರೆ, ದಾಖಲೆಯ ಆಯುಸ್ಸು ಬೇರೆ. ಹಳ್ಳಿಯ ಹಿರಿಯರ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ಒಂದೆಂದು ಭಾವಿಸುವುದುಂಟು: ಕಾಗದದಲ್ಲಿ ಒಮ್ಮೆ ಕಂಡು ಮರೆಯಾದವನನ್ನು ಬೇಗ ಸತ್ತವನೆಂದು ತಿಳಿಯುತ್ತಾರೆ, ಅನೇಕ ಸಲ ಕಂಡವನನ್ನು ದೀರ್ಘಾಯುವೆಂದು ತಿಳಿಯುತ್ತಾರೆ. ಭೂಮಿ ಕೈಬದಲಾದಾಗ ಮಾತ್ರ ಪತ್ರ ಹುಟ್ಟುತ್ತದೆ. ಆ ಎರಡು ಗಳಿಗೆಗಳ ನಡುವಿನ ವರ್ಷಗಳೆಲ್ಲ ಪತ್ರದ ಪಾಲಿಗೆ ಇಲ್ಲವೇ ಇಲ್ಲ.

ಹೆಸರಿಲ್ಲದವಳು

ಹಾಗಾದರೆ ಆ ತಾಯಿ ಯಾರು? ಆಕೆ ಶ್ರುತಕೀರ್ತಿಯ ಪತ್ನಿಯೆಂದು ಭಾವಿಸುವುದು ಸಹಜ. ಶ್ರುತಕೀರ್ತಿ, ದಾಮಕೀರ್ತಿ, ಶ್ರೀಕೀರ್ತಿ, ಜಯಕೀರ್ತಿ ಎಂದು ಎಲ್ಲ ಗಂಡಸರ ಹೆಸರುಗಳೂ ಕೀರ್ತಿಯಲ್ಲಿಯೇ ಮುಗಿಯುವುದರಿಂದ ಇದು ಒಂದೇ ಪಿತೃವಂಶವೆಂಬ ಅಭಿಪ್ರಾಯಕ್ಕೆ ಪುಷ್ಟಿ ದೊರೆಯುತ್ತದೆ. ಆದರೂ ಶಾಸನ ಆಕೆಯನ್ನು ಸೇನಾಪತಿಯ ಪತ್ನಿಯೆಂದು ಕರೆದಿಲ್ಲ. ಆಕೆ ಮಗಳಾಗಿದ್ದು, ಆಸ್ತಿ ಮಗಳ ಮೂಲಕ ಮೊಮ್ಮಗನಿಗೆ ಬಂದಿರುವ ಸಾಧ್ಯತೆಯನ್ನು ಪದಗಳು ತಳ್ಳಿಹಾಕುವುದಿಲ್ಲ. ಶಾಸನದಲ್ಲಿ ಆಕೆಯ ಗುರುತು ಮೂರು ಬಗೆ: ದಾಮಕೀರ್ತಿಯ ತಾಯಿ, ತಂದೆಯ ತಾಯಿ, ಮತ್ತು ಶ್ರೀಕೀರ್ತಿ ನಮಿಸಿದ ಪಾದಗಳ ಒಡತಿಯಾದ ತಾಯಿ. ಮೂರೂ ಮಕ್ಕಳು ಮೊಮ್ಮಕ್ಕಳ ಕಡೆಯಿಂದ ನೋಡಿದ ಗುರುತುಗಳು.

ಕದಂಬರ ಕಾಲದಲ್ಲಿ ಸ್ತ್ರೀಯರ ಹೆಸರುಗಳು ಶಾಸನಗಳಲ್ಲಿ ಬರುತ್ತಿರಲಿಲ್ಲವೆಂದಲ್ಲ. ಮೃಗೇಶನ ರಾಣಿ, ರವಿವರ್ಮನ ತಾಯಿ ಪ್ರಭಾವತಿಯ ಹೆಸರು ತಾಳಗುಂದದಲ್ಲಿ ಉಳಿದಿದೆ. ಕಾಕುಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟನೆಂದು ಶಾಂತಿವರ್ಮನ ಕಾಲದ ತಾಳಗುಂದ ಸ್ತಂಭಶಾಸನ ಹೆಮ್ಮೆಯಿಂದ ಹೇಳುತ್ತದೆ. ಆದರೆ ಆ ಹೆಣ್ಣುಮಕ್ಕಳ ಹೆಸರನ್ನು ಹೇಳುವುದಿಲ್ಲ. ಕುಂತಲಾಧಿಪತಿಯ ಮಗಳು ಅಜ್ಝಿತಭಟ್ಟಾರಿಕೆಯ ಹೆಸರು ತಿಳಿಯುವುದು ಆಕೆಯ ಮಗನಾದ ವಾಕಾಟಕ ಪೃಥಿವೀಷೇಣನ ತಾಮ್ರಪಟಗಳಿಂದ. ಆಕೆ ಕಾಕುಸ್ಥವರ್ಮನ ಮಗಳೇ ಇರಬೇಕೆಂದು ಹಲವು ವಿದ್ವಾಂಸರು ನಂಬುತ್ತಾರೆ. ತವರಿನ ಶಾಸನದಲ್ಲಿ ಸಿಗದ ಹೆಸರು ಮಗನ ಶಾಸನದಲ್ಲಿ ಸಿಗುವುದು ಅಂದಿನ ರೀತಿ. ದಾಮಕೀರ್ತಿಯ ತಾಯಿಗೆ ಆ ಭಾಗ್ಯವೂ ದೊರೆಯಲಿಲ್ಲ. ಮಗನ ಕಾಲದ, ಮಗನ ತಮ್ಮನ ಕಾಲದ, ಮೊಮ್ಮಗನ ಕಾಲದ ಪಟಗಳಿದ್ದರೂ ಹೆಸರಿಗೆ ಎಡೆಯಾಗಲಿಲ್ಲ.

ಇಷ್ಟಾದರೂ ಆಕೆ ಈ ದಾಖಲೆಯ ಅಂಚಿನಲ್ಲಿಲ್ಲ. ಅರಸನಿಂದ ಊರನ್ನು ಪಡೆದವಳು ಆಕೆ. ಮುಂದಿನ ಅರಸನು ಅದನ್ನು ಮಾನ್ಯಮಾಡಿದ. ಸೇನಾಪತಿಯ ಸಾವಿಗೂ ಪ್ರತೀಹಾರನ ದಾನಕ್ಕೂ ನಡುವೆ ಊರು ಮನೆತನದ ಕೈತಪ್ಪದೆ ಉಳಿದದ್ದು ಆಕೆಯ ಹಕ್ಕಿನ ಮೂಲಕ. ಜಯಕೀರ್ತಿಯು ಪುಣ್ಯವನ್ನು ತಂದೆಗಾಗಿಯೋ ಪಿತಾಮಹನಿಗಾಗಿಯೋ ಸಂಕಲ್ಪಿಸಬಹುದಾಗಿತ್ತು. ಅವನ ಶಾಸನ ತಂದೆಯ ತಾಯಿಯನ್ನು ಚತುರ್ಥೀ ವಿಭಕ್ತಿಯಲ್ಲಿ ಇರಿಸುತ್ತದೆ. ಆಕೆಗೆ ಕೊಟ್ಟನೆಂದಾಗಲಿ, ಆಕೆಗಾಗಿ ಕೊಟ್ಟನೆಂದಾಗಲಿ ಅರ್ಥೈಸಿದರೂ ಋಣ ಯಾರದೆಂಬುದು ಸ್ಪಷ್ಟ.

ಯಾಪನೀಯರು ಮತ್ತು ಮಳೆಗಾಲದ ನಾಲ್ಕು ತಿಂಗಳು

ಆ ಋಣವನ್ನು ಜಯಕೀರ್ತಿ ತೀರಿಸಿದ ರೀತಿಯೂ ಗಮನಾರ್ಹವಾದುದು. ಊರಿನ ಹುಟ್ಟುವಳಿಯಿಂದ ಪ್ರತಿ ವರ್ಷ ಕಾರ್ತಿಕದಲ್ಲಿ ಎಂಟು ದಿನ ಜಿನೇಂದ್ರನ ಮಹಿಮೆ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕು. ನಾಡಿನ ಜನರೂ ನಗರದ ಜನರೂ ಪೂಜೆಯನ್ನು ನಡೆಸಿಕೊಂಡು ಹೋಗಬೇಕು. ಕುಮಾರದತ್ತರೇ ಮೊದಲಾದ ಸೂರಿಗಳನ್ನೂ, ಈ ಕುಲದ ಏಳಿಗೆಗೆ ಕಾರಣರಾದ, ನಿಮಿತ್ತಶಾಸ್ತ್ರದಲ್ಲಿ ಪಾರಂಗತರಾದ ಬಂಧುಷೇಣಾಚಾರ್ಯರನ್ನೂ ಶಾಸನ ಸ್ಮರಿಸುತ್ತದೆ. ಕಾರ್ತಿಕ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಇಂದಿಗೂ ಬಸದಿಗಳಲ್ಲಿ ನಡೆಯುವ ಅಷ್ಟಾಹ್ನಿಕ ಪರ್ವದ ಪ್ರಾಚೀನತೆಗೆ ಈ ಉಲ್ಲೇಖ ಒಂದು ಬಲವಾದ ಸಾಕ್ಷಿ.

ವರ್ಷಾಯೋಗದ ನಾಲ್ಕು ತಿಂಗಳ ಮಾತು ಈ ನೆಲಕ್ಕೆ ವಿಶೇಷವಾಗಿ ಒಪ್ಪುತ್ತದೆ. ಸಹ್ಯಾದ್ರಿಯ ನೆತ್ತಿಗೆ ತಾಗಿದ ಕಣಕುಂಬಿ, ಜಾಂಬೋಟಿ, ಖಾನಾಪುರಗಳ ಸೀಮೆಯಲ್ಲಿ ಮುಂಗಾರು ಹಿಡಿದರೆ ಹಳ್ಳಕೊಳ್ಳಗಳು ತುಂಬಿ ದಾರಿಗಳು ಮುಚ್ಚಿಹೋಗುತ್ತವೆ. ಜೀವದಯೆಯ ಕಾರಣದಿಂದ ವಿಹಾರವನ್ನು ನಿಲ್ಲಿಸಿ ಒಂದೆಡೆ ನಿಲ್ಲಬೇಕಾದ ಮುನಿಗಳಿಗೆ ಆಹಾರದ ಆಸರೆ ಬೇಕಾಗುವುದು ಆಗಲೇ. ಖೇಟದ ಹೊಲದ ಫಲ ಆ ಹೊತ್ತಿಗೆ ಒದಗಬೇಕೆಂದು ಮೊಮ್ಮಗನು ಕಟ್ಟುಮಾಡಿದ. ಮಳೆಗಾಲ ಕಳೆದು ಆಕಾಶ ತಿಳಿಯಾಗುವ ಕಾರ್ತಿಕದಲ್ಲಿ ಉತ್ಸವ.

ದಾನವನ್ನು ಪಡೆದವರು ಯಾಪನೀಯರೆಂಬುದಕ್ಕೂ ಅರ್ಥವಿದೆ. ನಗ್ನತ್ವವನ್ನು ಆಚರಿಸುತ್ತಲೇ, ಸ್ತ್ರೀಯರಿಗೂ ಅದೇ ಭವದಲ್ಲಿ ಮೋಕ್ಷ ಸಾಧ್ಯವೆಂದು ಒಪ್ಪಿದ ಸಂಘ ಅದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ ಪಾಲ್ಯಕೀರ್ತಿಯು ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಪ್ರತ್ಯೇಕ ಪ್ರಕರಣವನ್ನೇ ಬರೆದನು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆ ಅವರು ಯಾಪನೀಯರ ಚರಿತ್ರೆ ಸಾಹಿತ್ಯಗಳನ್ನು ಶೋಧಿಸಿ, ಮರೆತುಹೋಗಿದ್ದ ಈ ಸಂಘವನ್ನು ವಿದ್ವಲ್ಲೋಕದ ಗಮನಕ್ಕೆ ತಂದವರಲ್ಲಿ ಪ್ರಮುಖರು. ಶಾಕಟಾಯನನ ಗ್ರಂಥ ಜಯಕೀರ್ತಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಈಚಿನದು. ಆದುದರಿಂದ ಅಜ್ಜಿಯ ಮೋಕ್ಷವನ್ನು ಎಣಿಸಿಯೇ ಮೊಮ್ಮಗನು ಯಾಪನೀಯರನ್ನು ಆರಿಸಿದನೆಂದು ಹೇಳುವಂತಿಲ್ಲ. ಹೆಣ್ಣೊಬ್ಬಳ ಪುಣ್ಯಕ್ಕೆ ಮೀಸಲಾದ ದಾನ, ಹೆಣ್ಣಿನ ಮುಕ್ತಿಯನ್ನು ಮುಂದೆ ಶಾಸ್ತ್ರಮುಖದಿಂದ ಸಮರ್ಥಿಸಿದ ಸಂಘದ ಕೈಸೇರಿತು ಎಂಬಷ್ಟು ಮಾತ್ರ ಚರಿತ್ರೆಯ ಸಂಗತಿ. ಆ ಸಂಘವೂ ಕಾಲಕ್ರಮೇಣ ಇತರ ಸಂಘಗಳಲ್ಲಿ ಕರಗಿಹೋಯಿತು.

ತಾಮ್ರಪಟಗಳು ಉಳಿಸಿಕೊಟ್ಟದ್ದು ಎಷ್ಟು ಎಂಬುದನ್ನು ಹೀಗೆ ಲೆಕ್ಕ ಹಾಕಬಹುದು. ಊರಿನ ಹೆಸರು ಉಳಿದಿದೆ, ಹೊಲದ ಹೆಸರು ಕೂಡ ಉಳಿದಿದೆ. ಭೂಮಿಯ ಅಳತೆ, ಅರಸರ ಹೆಸರು, ಅಧಿಕಾರಿಗಳ ಪದವಿ, ಆಚಾರ್ಯರ ಪಾಂಡಿತ್ಯ, ಹಬ್ಬದ ದಿನಗಳ ಸಂಖ್ಯೆ ಎಲ್ಲವೂ ಇವೆ. ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಹಿಡಿದವಳು ಬಂಧುತ್ವವಾಚಕವೊಂದರಿಂದಷ್ಟೇ ಉಳಿದಿದ್ದಾಳೆ. ಕದಂಬರ ವಂಶವೃಕ್ಷವನ್ನು ಬರೆಯುವಾಗ ಈ ಮನೆತನದ ವೃಕ್ಷವನ್ನೂ ಪಕ್ಕದಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿಗಳು ಶ್ರುತಕೀರ್ತಿಗೂ ದಾಮಕೀರ್ತಿಗೂ ನಡುವೆ ನೇರವಾಗಿ ಗೆರೆ ಎಳೆಯುವುದು ರೂಢಿ. ಶಾಸನವನ್ನು ಅನುಸರಿಸುವುದಾದರೆ ಆ ಗೆರೆ ಆಕೆಯ ಮೂಲಕವೇ ಹಾಯಬೇಕು. ಅಲ್ಲಿ ಹೆಸರಿನ ಸ್ಥಳವನ್ನು ಖಾಲಿ ಬಿಟ್ಟು, ‘ದಾಮಕೀರ್ತಿಯ ತಾಯಿ, ಖೇಟ ಗ್ರಾಮವನ್ನು ಶಾಂತಿವರ್ಮನಿಂದ ಪಡೆದವಳು’ ಎಂದು ಬರೆಯುವುದು ಆಕರಕ್ಕೆ ನಿಷ್ಠವಾದ ಕ್ರಮ.